ಹಳೆಯ ಕಾರಿನ ಬ್ರೇಕ್ ಆಯಿಲ್ ಕೆಟ್ಟರೆ: ಬೆರೆತದ್ದು ನೀರೋ ಎಣ್ಣೆಯೋ ನೋಡಿಕೊಂಡೇ ಸ್ಪ್ಯಾನರ್ ಹಿಡಿಯಿರಿ

ಬ್ರೇಕ್ ಆಯಿಲ್ ಬದಲಿಸಿದ್ದಾಯಿತು, ಏರ್ ತೆಗೆದದ್ದೂ (ಪೈಪಿನೊಳಗೆ ಸಿಕ್ಕ ಗಾಳಿ ಹೊರಹಾಕಿದ್ದೂ) ಆಯಿತು. ಎರಡು ದಿನ ಬ್ರೇಕ್ ಚೆನ್ನಾಗಿಯೇ ಇತ್ತು, ಮೂರನೆಯ ದಿನ ಚಕ್ರ ಮತ್ತೆ ಹಿಡಿಯತೊಡಗಿತು. ಹಳೆಯ ಮಾರುತಿ 800, ಝೆನ್, ಓಮ್ನಿ, ಅಂಬಾಸಿಡರ್ ಇಟ್ಟುಕೊಂಡಿರುವ ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಹೇಳುವ ದೂರು ಇದು. ಏರ್ ತೆಗೆಯುವುದರಲ್ಲಿ ತಪ್ಪಾಗಿರುವುದು ಕಡಿಮೆ. ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ: ಒಳಗೆ ಬೆರೆತದ್ದು ಏನು ಎಂದು ನೋಡದೆಯೇ ಕೆಲಸಕ್ಕೆ ಇಳಿದಿರುತ್ತಾರೆ.

‘ಬ್ರೇಕ್ ಆಯಿಲ್’ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಈಥರ್ ಜಾತಿಯ ದ್ರವ. ನೀರಿನೊಂದಿಗೆ ಸಲೀಸಾಗಿ ಬೆರೆಯುತ್ತದೆ, ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಬ್ರೇಕಿನೊಳಗಿನ ರಬ್ಬರ್ ಭಾಗಗಳನ್ನು ಈ ದ್ರವಕ್ಕೆಂದೇ ಮಾಡಿರುತ್ತಾರೆ; ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್ ಯಾವುದು ತಾಗಿದರೂ ಅವು ಊದಿಕೊಳ್ಳುತ್ತವೆ. ಊದಿದ ರಬ್ಬರ್ ಮತ್ತೆ ಮೊದಲಿನಂತೆ ಆಗುವುದಿಲ್ಲ. ನೀರು ಸೇರಿದ್ದರೆ ದ್ರವ ಬದಲಿಸಿದರೆ ಸಾಕು. ಎಣ್ಣೆ ಸೇರಿದ್ದರೆ ದ್ರವದ ಜೊತೆ ರಬ್ಬರನ್ನೂ ಬದಲಿಸಲೇಬೇಕು, ಎಷ್ಟು ಲೀಟರ್ ಹರಿಸಿ ತೊಳೆದರೂ ಪ್ರಯೋಜನವಿಲ್ಲ. ಗೊಂದಲ ಆಗದಿರಲೆಂದು ಇಲ್ಲಿಂದ ಮುಂದೆ ಬ್ರೇಕ್ ಆಯಿಲನ್ನು ‘ದ್ರವ’ ಎಂದೂ ಉಳಿದ ತೈಲಗಳನ್ನು ‘ಎಣ್ಣೆ’ ಎಂದೂ ಕರೆದಿದೆ.

## ಕಾರನ್ನು ಅಲ್ಲೇ ನಿಲ್ಲಿಸಬೇಕಾದ ಲಕ್ಷಣಗಳು

ನೀರು ಸೇರಿದ ಬ್ರೇಕ್ ಊರೊಳಗೆ ಏನೂ ಹೇಳುವುದಿಲ್ಲ, ಘಾಟಿಯಲ್ಲಿ ಹೇಳುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಕಾಯುತ್ತದೆ, ಅದರ ಬಿಸಿ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಕ್ಯಾಲಿಪರಿನೊಳಗಿನ ದ್ರವಕ್ಕೆ ತಲುಪುತ್ತದೆ. ಹೊಸ ಡಾಟ್ 3 ದರ್ಜೆಯ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲು ಆಗದು, ಆವಿಯನ್ನು ಅದುಮಬಹುದು. ಹಾಗಾಗಿ ಪೆಡಲ್ ಸ್ಪಂಜಿನಂತಾಗಿ ಕೆಳಗಿಳಿಯುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ಈ ‘ಸರಿಯಾದದ್ದು’ ನಂಬಿಕೆಗೆ ಯೋಗ್ಯವಲ್ಲ.

ಎಣ್ಣೆ ಸೇರಿದರೆ ಇದಕ್ಕೆ ಉಲ್ಟಾ. ಪೆಡಲ್ ಮೇಲೆಯೇ ನಿಂತು ಕಲ್ಲಿನಂತೆ ಗಟ್ಟಿಯಾಗುತ್ತದೆ. ನ್ಯೂಟ್ರಲ್‌ನಲ್ಲಿ ತಳ್ಳಿದರೆ ಕಾರು ಕದಲುವುದಿಲ್ಲ. ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸಿದರೆ ಚಕ್ರದಿಂದ ಸುಟ್ಟ ವಾಸನೆ. ಆಗುವುದು ಇಷ್ಟು: ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಊದಿ, ದ್ರವ ಅದರ ಮೇಲಿನ ಡಬ್ಬಿಗೆ (ದ್ರವ ತುಂಬಿಸುವ ಡಬ್ಬಿಗೆ) ಮರಳಬೇಕಾದ ಸಣ್ಣ ರಂಧ್ರವನ್ನು ಮುಚ್ಚಿಬಿಡುತ್ತದೆ. ಒತ್ತಡ ಒಳಗೇ ಉಳಿಯುತ್ತದೆ. ಓಡಿಸುತ್ತಾ ಹೋದಂತೆ ಬಿಸಿಗೆ ದ್ರವ ಹಿಗ್ಗಿ ಬ್ರೇಕ್ ಇನ್ನಷ್ಟು ಬಿಗಿಯುತ್ತದೆ.

ಎರಡರಲ್ಲಿ ಯಾವುದು ಕಂಡರೂ ಕಾರು ಅಲ್ಲೇ ನಿಲ್ಲಲಿ. ಗ್ಯಾರೇಜಿಗೆ ಹೋಗಬೇಕಿದ್ದರೆ ಎತ್ತಿಕೊಂಡೇ ಹೋಗಬೇಕು.

## ಹಂತ 1: ಬೆರೆತದ್ದು ಏನು, ಪತ್ತೆ ಮಾಡಿ

ಹೆಚ್ಚಿನವರು ಹಾರಿಸುವ ಹಂತ ಇದೇ. ಹತ್ತು ನಿಮಿಷ ಸಾಕು.

ಮೊದಲು ಡಬ್ಬಿಯ ಮುಚ್ಚಳವನ್ನೂ ಸುತ್ತಲಿನ ಜಾಗವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ. ಮುಚ್ಚಳ ತೆಗೆದು ಅದರೊಳಗಿನ ತೆಳು ರಬ್ಬರ್ ಡಯಾಫ್ರಂ ನೋಡಿ. ಚೆನ್ನಾಗಿರುವ ಡಯಾಫ್ರಂ ತನ್ನ ಅಚ್ಚಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಎಣ್ಣೆ ಕುಡಿದ ಡಯಾಫ್ರಂ ಅಂಚಿನಲ್ಲಿ ಅಲೆಅಲೆಯಾಗಿ ಎದ್ದಿರುತ್ತದೆ, ಮುಟ್ಟಿದರೆ ಮೆತ್ತಗೆ, ಜಿಗುಟು. ತೆಗೆದು ಮತ್ತೆ ಕೂರಿಸಲು ಹೋದರೆ ಮುಚ್ಚಳದೊಳಗೆ ಹಿಡಿಯದಷ್ಟು ದೊಡ್ಡದಾಗಿರುತ್ತದೆ. ಇದೊಂದು ಗುರುತು ಕಂಡರೆ ಮುಂದಿನ ಪರೀಕ್ಷೆ ಬರೀ ಖಾತ್ರಿಗೆ. ಎಲ್ಲ ಕಾರುಗಳ ಮುಚ್ಚಳದಲ್ಲೂ ಡಯಾಫ್ರಂ ಇರುವುದಿಲ್ಲ. ಇಲ್ಲದಿದ್ದರೆ ಸೀದಾ ಲೋಟದ ಪರೀಕ್ಷೆಗೆ ಹೋಗಿ.

ಹೊಸ ಸಿರಿಂಜಿನಲ್ಲಿ ಡಬ್ಬಿಯ ಮೇಲ್ಪದರದಿಂದಲೇ 10 ಮಿಲಿಲೀಟರ್ ತೆಗೆಯಿರಿ. ಎಣ್ಣೆ ಹಗುರ, ಮೇಲೆಯೇ ತೇಲುತ್ತದೆ. ತಳದಿಂದ ತೆಗೆದರೆ ಸಿಗದೆಯೇ ಹೋಗಬಹುದು. ಅದನ್ನು ಪಾರದರ್ಶಕ ಗಾಜಿನ ಲೋಟಕ್ಕೆ ಹಾಕಿ, ಅಷ್ಟೇ ನೀರು ಸೇರಿಸಿ, ಕಲಕಿ ಐದು ನಿಮಿಷ ಬಿಡಿ. ಪೂರ್ತಿ ಬೆರೆತು ಒಂದೇ ಬಣ್ಣವಾದರೆ ಎಣ್ಣೆ ಇಲ್ಲ. ಮೇಲೆ ಪೊರೆ ಕಟ್ಟಿದರೆ, ಸಾರಿನ ಮೇಲೆ ಒಗ್ಗರಣೆ ತೇಲಿದಂತೆ ಹನಿಗಳು ಕಂಡರೆ ಎಣ್ಣೆ ಸೇರಿದೆ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ನೀರು ಸೇರಿದೆಯೇ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಪೆನ್ನಿನಂಥ ಟೆಸ್ಟರ್ ಸಿಗುತ್ತದೆ. ಅಗ್ಗದ ಪೆನ್ನುಗಳು ವಿದ್ಯುತ್ ಹರಿಯುವ ಪ್ರಮಾಣ ನೋಡಿ ಅಂದಾಜು ಹೇಳುತ್ತವೆ, ಹಾಗಾಗಿ ಹಸಿರು ದೀಪ ಬಂತೆಂದು ನಿಶ್ಚಿಂತರಾಗಬೇಡಿ. ಬರೀ ಕಪ್ಪು ಬಣ್ಣ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ರಬ್ಬರ್ ಸವೆದ ಪುಡಿಯಿಂದಲೂ ದ್ರವ ಕಪ್ಪಾಗುತ್ತದೆ, ತಿಳಿಯಾಗಿ ಕಾಣುವ ದ್ರವದಲ್ಲೂ ನೀರು ಇರಬಹುದು. ಕೊನೆಯ ಬಾರಿ ಯಾವಾಗ ಬದಲಿಸಿದ್ದೆಂದು ಗೊತ್ತಿಲ್ಲದಿದ್ದರೆ, ಅಥವಾ ಎರಡು ವರ್ಷ ದಾಟಿದ್ದರೆ ಪರೀಕ್ಷೆಯೇ ಬೇಡ, ಬದಲಿಸಿ. ಮಲ್ಪೆ, ಸುರತ್ಕಲ್‌ನಂತೆ ಕಡಲಿಗೆ ಅಂಟಿದ ಜಾಗದಲ್ಲಿ ಕಾರು ಬಯಲಲ್ಲೇ ನಿಲ್ಲುತ್ತದೆಂದಾದರೆ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ತೇವ ಮುಚ್ಚಳದ ಗಾಳಿರಂಧ್ರದಿಂದಲೂ ರಬ್ಬರ್ ಹೋಸಿನ ಮೂಲಕವೂ ನಿಧಾನಕ್ಕೆ ಒಳಗೆ ಇಳಿಯುತ್ತಲೇ ಇರುತ್ತದೆ.

ಎಣ್ಣೆಯನ್ನು ಈಗಷ್ಟೇ ತಪ್ಪಿ ಸುರಿದಿದ್ದೀರಾ? ಪೆಡಲ್ ಮುಟ್ಟಬೇಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಎಣ್ಣೆ ಇನ್ನೂ ಮೇಲೆ ತೇಲುತ್ತಿರುತ್ತದೆ. ಸಿರಿಂಜಿನಿಂದ ಪೂರ್ತಿ ಹೀರಿ, ಡಬ್ಬಿಯನ್ನು ಕಳಚಿ ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಡಯಾಫ್ರಂ ಮತ್ತು ಡಬ್ಬಿಯ ಬುಡದ ರಬ್ಬರ್ ಗ್ರಾಮೆಟ್‌ಗಳನ್ನು ಹೊಸದಾಗಿ ಹಾಕಿ, ಹಂತ 5ರಂತೆ ಪೂರ್ತಿ ಫ್ಲಶ್ ಮಾಡಿದರೆ ಉಳಿದ ಭಾಗ ಬಚಾವಾಗುವ ಸಾಧ್ಯತೆ ಇದೆ. ಒಂದು ವಾರ ದಿನಾ ಪೆಡಲ್ ಮತ್ತು ಚಕ್ರದ ಬಿಸಿ ಗಮನಿಸಿ. ಒಮ್ಮೆ ಪೆಡಲ್ ಒತ್ತಿ ಕಾರು ಓಡಿಸಿದ್ದರೆ ಈ ಸುಲಭದ ದಾರಿ ಮುಚ್ಚಿತು, ಹಂತ 6ಕ್ಕೇ ಹೋಗಬೇಕು.

## ಹಂತ 2: ಸಾಮಾನು ಮೊದಲೇ ಕೂಡಿಸಿಕೊಳ್ಳಿ

ಅರ್ಧ ಕೆಲಸ ಆದ ಮೇಲೆ ಅಂಗಡಿಗೆ ಓಡಿದರೆ ಆ ಹೊತ್ತಿನಲ್ಲಿ ತೆರೆದಿಟ್ಟ ದ್ರವ ತೇವ ಎಳೆದುಕೊಳ್ಳುತ್ತದೆ.

ದ್ರವ: ಯಾವ ದರ್ಜೆ ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3 ಎಂದಿದ್ದಲ್ಲಿ ಡಾಟ್ 4 ಹಾಕಬಹುದು, ಡಾಟ್ 4 ಇದ್ದಲ್ಲಿ 3ಕ್ಕೆ ಇಳಿಯಬಾರದು. ಡಾಟ್ 5 ಸಿಲಿಕೋನ್ ಜಾತಿಯದು, ಇವೆರಡರ ಜೊತೆ ಎಂದಿಗೂ ಸೇರಿಸಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯೇ. ಬರೀ ಫ್ಲಶ್‌ಗೆ 1 ಲೀಟರ್ ಬೇಕು, ರಬ್ಬರ್ ಬದಲಿಸುವ ಕೆಲಸಕ್ಕೆ ಒಂದೂವರೆ ಲೀಟರ್ ಇರಲಿ. ಒಂದು ಲೀಟರಿನ ದೊಡ್ಡ ಡಬ್ಬಕ್ಕಿಂತ 250 ಅಥವಾ 500 ಮಿಲಿಲೀಟರಿನ ಸೀಲ್ ಡಬ್ಬಗಳೇ ಮೇಲು. ಬೇಕಾದಾಗ ಒಂದೊಂದೇ ಒಡೆಯಬಹುದು. ದೊಡ್ಡ ಕ್ಯಾನಿನಿಂದ ಬಗ್ಗಿಸಿ ಕೊಡುವ ಲೂಸ್ ದ್ರವ ಬೇಡ. ಮನೆಯಲ್ಲಿ ಕಳೆದ ವರ್ಷ ಒಡೆದು ಉಳಿಸಿದ್ದೂ ಬೇಡ.

ಉಪಕರಣ: ಜ್ಯಾಕ್, ಜ್ಯಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು, ನಿಪ್ಪಲ್ಲಿಗೆ (ಚಕ್ರದ ಬಳಿ ದ್ರವ, ಗಾಳಿ ಹೊರಬಿಡಲು ಇರುವ ಸಣ್ಣ ತಿರುಪಿಗೆ) ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ (ಸಾಮಾನ್ಯವಾಗಿ 8 ಅಥವಾ 10 ಮಿಲಿಮೀಟರ್), ಪೈಪಿನ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರ್, 60 ಮಿಲಿಲೀಟರಿನ ಹೊಸ ಸಿರಿಂಜ್, ಮೀನಿನ ತೊಟ್ಟಿಯ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಟ್ಯೂಬ್ ಒಂದು ಮೀಟರ್, ಅರ್ಧ ಲೀಟರಿನ ಪಾರದರ್ಶಕ ಬಾಟಲಿ, ತಂತಿ ಬ್ರಷ್, ಟಾರ್ಚ್, ನೈಟ್ರೈಲ್ ಕೈಗವಸು, ಕನ್ನಡಕ, ನೂಲು ಬಿಡದ ಬಟ್ಟೆ. ಪಕ್ಕದಲ್ಲೇ ಒಂದು ಬಕೆಟ್ ನೀರು ಇರಲಿ. ಈ ದ್ರವ ಬಣ್ಣವನ್ನು ಕಿತ್ತುಬಿಡುತ್ತದೆ, ಕಾರಿನ ಮೈಗೆ ಬಿದ್ದರೆ ಒರೆಸಲು ಹೋಗದೆ ತಕ್ಷಣ ನೀರು ಸುರಿಯಿರಿ.

ಇನ್ನು ದಿನದ ಆಯ್ಕೆ. ಆಟಿಯ ಜಡಿಮಳೆಯಲ್ಲಿ ಬ್ರೇಕ್ ಬಿಚ್ಚುವ ಕೆಲಸ ಬೇಡ. ಪತ್ತನಾಜೆಯ ಒಳಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮೊದಲು ಮುಗಿಸಿಕೊಳ್ಳಿ. ತಪ್ಪಿದರೆ ಮಳೆ ನಿಂತ ಮೇಲೆ ಬಿಸಿಲಿರುವ ದಿನ ಮಾಡಿ. ಲಕ್ಷಣ ಕಂಡಿದ್ದರೆ ಮಾತ್ರ ಕಾಯಬೇಡಿ, ಮಾಡಿನ ಕೆಳಗೆ ಒಣಜಾಗ ನೋಡಿಕೊಂಡು ಮಾಡಿ.

## ಹಂತ 3: ಕಾರು ಎತ್ತಿ, ಡಬ್ಬಿ ಖಾಲಿ ಮಾಡಿ

ನೆಲ ಸಮತಟ್ಟಾಗಿರಬೇಕು, ಗಟ್ಟಿಯಾಗಿರಬೇಕು. ಮಣ್ಣಿನ ಅಂಗಳದಲ್ಲಿ ಜ್ಯಾಕಿನ ಕೆಳಗೆ ದಪ್ಪ ಹಲಗೆ ಕೊಡಿ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವುದು ಮುರಕಲ್ಲು. ಚಕ್ರ ಉರುಳದಂತೆ ಅಡ್ಡ ಇಡಲು ಅದು ಆದೀತು, ಆದರೆ ಕಾರಿನ ಭಾರ ಹೊರಲು ಅದನ್ನು ಎಂದಿಗೂ ಇಡಬೇಡಿ. ಒಳಗೆಲ್ಲ ತೂತು ತೂತಾದ ಕಲ್ಲು, ಮಳೆ ನೀರು ಕುಡಿದಿದ್ದರೆ ಇನ್ನೂ ಬಲ ಕಡಿಮೆ, ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಳಗೆ ಹೋಗಬೇಡಿ.

ಚಕ್ರ ಕಳಚಿದ ಮೇಲೆ ಡ್ರಮ್, ಹೋಸ್, ಪೈಪುಗಳನ್ನು ಟಾರ್ಚಿನಲ್ಲಿ ನೋಡಿ. ಉಪ್ಪುಗಾಳಿ ಮೊದಲು ತಿನ್ನುವುದು ಉಕ್ಕಿನ ಪೈಪು ಕ್ಲಿಪ್ಪಿನ ಕೆಳಗೆ ಅವಿತ ಜಾಗವನ್ನು. ಮೇಲೆ ಚೆನ್ನಾಗಿ ಕಂಡರೂ ಕ್ಲಿಪ್ ಸರಿಸಿದರೆ ಪದರ ಪದರವಾಗಿ ತುಕ್ಕು ಏಳುತ್ತದೆ. ಉಗುರಿಗೆ ಗುಂಡಿ ತಾಗುವಷ್ಟು ತುಕ್ಕು ಇದ್ದರೆ ಆ ಪೈಪು ಬದಲಾಗಲೇಬೇಕು.

ಡಬ್ಬಿಯ ಹಳೆಯ ದ್ರವವನ್ನು ಸಿರಿಂಜಿನಿಂದ ಹೀರಿ, ತಳದ ಕೆಸರನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ ತೆಗೆದು, ಹೊಸ ದ್ರವ ತುಂಬಿಸಿ. ಇದನ್ನು ಮಾಡದೆ ಫ್ಲಶ್ ಶುರು ಮಾಡಿದರೆ ಡಬ್ಬಿಯ ಕೆಸರನ್ನು ನೀವೇ ಪೈಪಿನೊಳಗೆ ಕಳಿಸಿದಂತೆ. ಎಣ್ಣೆ ಸೇರಿದ್ದರೆ ಈಗಲೇ ಹೀರಬೇಡಿ, ಹೊಸತೂ ತುಂಬಿಸಬೇಡಿ; ಹಂತ 6ರಲ್ಲಿ ಪೆಡಲ್ ಒತ್ತಿ ಪಿಸ್ಟನ್ ಹೊರತೆಗೆಯಲು ಆ ದ್ರವವೇ ಬೇಕು.

## ಹಂತ 4: ನಿಪ್ಪಲ್ ಮುರಿಯದೆ ಸಡಿಲಿಸಿ

ಕರಾವಳಿಯ ಹಳೆಯ ಕಾರುಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನಿಪ್ಪಲ್ ಒಳಗೆ ಟೊಳ್ಳು. ತುಕ್ಕು ಹಿಡಿದು ಕೂತಿರುವಾಗ ಬಲ ಹಾಕಿದರೆ ಕುತ್ತಿಗೆಯಲ್ಲೇ ಮುರಿಯುತ್ತದೆ, ಆಮೇಲೆ ವೀಲ್ ಸಿಲಿಂಡರನ್ನೇ (ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ದೂಡುವ ಭಾಗವನ್ನೇ) ಬದಲಿಸಬೇಕಾಗುತ್ತದೆ.

ಕೆಲಸದ ಹಿಂದಿನ ದಿನ ಸಂಜೆ ತಂತಿ ಬ್ರಷ್‌ನಿಂದ ಉಜ್ಜಿ, ನಿಪ್ಪಲ್ಲಿನ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ. ಬೆಳಿಗ್ಗೆ ಮತ್ತೊಮ್ಮೆ. ನಿಪ್ಪಲ್ಲಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕಾರು ಬಾರಿ ಹಗುರವಾಗಿ ಬಡಿಯಿರಿ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸುವ ಕಡೆಗೆ. ಕದಲಿತೆಂದರೆ ಗೆದ್ದಂತೆ. ತೆರೆದ ಬಾಯಿಯ ಸ್ಪ್ಯಾನರ್ ಇಲ್ಲಿ ಬೇಡ, ಮೂಲೆ ಸವೆದು ಗುಂಡಗಾಗುತ್ತದೆ. ಸಡಿಲಾದ ಮೇಲೆ ಆ ಸ್ಪ್ರೇಯ ಎಣ್ಣೆಯನ್ನು ಪೂರ್ತಿ ಒರೆಸಿ. ಅದೂ ಎಣ್ಣೆಯೇ, ಶೂ ಅಥವಾ ಪ್ಯಾಡ್ ಮೇಲೆ ಹನಿ ಬಿದ್ದರೂ ಕಷ್ಟ.

ಚಕ್ರ ಹಿಡಿದುಕೊಂಡಿದ್ದರೆ ಈ ಹಂತದಲ್ಲೇ ಒಂದು ಪತ್ತೆ ಮಾಡಬಹುದು. ನಿಪ್ಪಲ್ ಸಡಿಲಿಸಿದ ಕೂಡಲೇ ದ್ರವ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ಚಕ್ರ ಇನ್ನೊಮ್ಮೆ ಹಿಡಿದಾಗ ನಿಪ್ಪಲ್ ಮುಟ್ಟದೆ, ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ ಸಡಿಲಿಸಿ ನೋಡಿ. ಆಗ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿ. ಆಗಲೂ ಬಿಡದೆ ನಿಪ್ಪಲ್ಲಿಗೆ ಮಾತ್ರ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿದೆ. ಯಾವುದಕ್ಕೂ ಬಿಡದಿದ್ದರೆ ಪಿಸ್ಟನ್ನೇ ತುಕ್ಕಿನಿಂದ ಕೂತಿದೆ.

## ಹಂತ 5: ನೀರು ಸೇರಿದ್ದರೆ ಅಥವಾ ದ್ರವ ಬರೀ ಹಳತಾಗಿದ್ದರೆ – ಪೂರ್ತಿ ಫ್ಲಶ್

ಏರ್ ತೆಗೆಯುವುದು ಬೇರೆ, ಫ್ಲಶ್ ಬೇರೆ. ಗುಳ್ಳೆ ನಿಂತಿತೆಂದು ನಿಲ್ಲಿಸಿದರೆ ಹಳೆಯ ದ್ರವ ಇನ್ನೂ ಒಳಗಿರುತ್ತದೆ. ಪ್ರತಿ ಚಕ್ರದಲ್ಲೂ ಹೊಸ ದ್ರವದ ತಿಳಿಬಣ್ಣ ಟ್ಯೂಬಿನಲ್ಲಿ ಕಾಣುವವರೆಗೆ ಹರಿಸಬೇಕು. ಅಂದಾಜು ಹಿಂದಿನ ಚಕ್ರಗಳಿಗೆ ತಲಾ 200ರಿಂದ 250 ಮಿಲಿಲೀಟರ್, ಮುಂದಿನವಕ್ಕೆ ತಲಾ 150.

ಯಾವ ಚಕ್ರ ಮೊದಲು? ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಹೇಳಿದ ಕ್ರಮವೇ ಕೊನೆಯ ಮಾತು. ಪುಸ್ತಕ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮುಂದಿನ ಒಂದು ಚಕ್ರಕ್ಕೂ ಹಿಂದಿನ ಎದುರು ಬದಿಯ ಚಕ್ರಕ್ಕೂ ಒಂದೇ ಸರ್ಕ್ಯೂಟ್ ಇರುವ ಕಾರುಗಳಲ್ಲಿ ಹಿಂದಿನ ಎಡದ ನಂತರ ಮುಂದಿನ ಬಲ, ಆಮೇಲೆ ಹಿಂದಿನ ಬಲ, ಮುಂದಿನ ಎಡ. ಕೆಲವು ವ್ಯಾನ್, ಜೀಪುಗಳಲ್ಲಿ ಹಿಂದಿನ ಆಕ್ಸಲ್ ಬಳಿ ಭಾರಕ್ಕೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವ್ ಇದ್ದು ಅದಕ್ಕೂ ಒಂದು ನಿಪ್ಪಲ್ ಇರುತ್ತದೆ, ಅದನ್ನು ಮರೆಯಬೇಡಿ. ಕ್ಲಚ್ಚಿಗೂ ಇದೇ ಡಬ್ಬಿಯಿಂದ ಸಣ್ಣ ಹೋಸ್ ಹೋಗುತ್ತಿದ್ದರೆ ಅದನ್ನೂ ಫ್ಲಶ್ ಮಾಡಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಟ್ಟದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಅದರ ಘಟಕದೊಳಗಿನ ದ್ರವ ತೆಗೆಯಲು ಹಲವು ಕಾರುಗಳಲ್ಲಿ ಸ್ಕ್ಯಾನರ್ ಬೇಕಾಗುತ್ತದೆ, ಅಂಥದ್ದನ್ನು ವರ್ಕ್‌ಶಾಪಿನಲ್ಲೇ ಮಾಡಿಸಿ.

ಇಬ್ಬರು ಬೇಕು: ಒಬ್ಬರು ಪೆಡಲಿಗೆ, ಒಬ್ಬರು ನಿಪ್ಪಲ್ಲಿಗೆ. ಎಂಜಿನ್ ಆಫ್ ಇರಲಿ.

1. ಪೆಡಲ್ ಕೆಳಗೆ ಸುಮಾರು 5 ಸೆಂಟಿಮೀಟರ್ ದಪ್ಪದ ಮರದ ತುಂಡು ಇಡಿ. ಹಳೆಯ ಕಾರಿನಲ್ಲಿ ಇದು ತಪ್ಪಲೇಬಾರದು. ಮಾಸ್ಟರ್ ಸಿಲಿಂಡರಿನ ಕಪ್ ದಿನನಿತ್ಯ ಓಡಾಡುವುದು ಸ್ವಲ್ಪ ದೂರ ಮಾತ್ರ. ಅದರಾಚೆಯ ಗೋಡೆಯಲ್ಲಿ ವರ್ಷಗಳ ತುಕ್ಕು, ಗಸಿ ಕೂತಿರುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿದರೆ ಕಪ್ಪಿನ ಅಂಚು ಅದಕ್ಕೆ ಉಜ್ಜಿ ಹರಿಯುತ್ತದೆ. ‘ಫ್ಲಶ್ ಮಾಡಿಸಿದ ಮೇಲೆಯೇ ಮಾಸ್ಟರ್ ಸಿಲಿಂಡರ್ ಹೋಯಿತು’ ಎಂಬ ದೂರಿನ ಮೂಲ ಹಲವು ಬಾರಿ ಇದೇ.

2. ನಿಪ್ಪಲ್ಲಿಗೆ ಮೊದಲು ರಿಂಗ್ ಸ್ಪ್ಯಾನರ್, ಅದರ ಮೇಲೆ ಟ್ಯೂಬ್ ಹಾಕಿ. ಟ್ಯೂಬಿನ ಇನ್ನೊಂದು ತುದಿ ಬಾಟಲಿಯಲ್ಲಿ, ಒಂದಿಷ್ಟು ಹೊಸ ದ್ರವದೊಳಗೆ ಮುಳುಗಿರಲಿ.

3. ಪೆಡಲಿನವರು ನಿಧಾನಕ್ಕೆ ಒತ್ತಿ ಹಿಡಿದು ‘ಹಿಡಿದೆ’ ಎನ್ನಬೇಕು. ಕೆಳಗಿನವರು ನಿಪ್ಪಲನ್ನು ಅರ್ಧ ಸುತ್ತು ಬಿಚ್ಚಬೇಕು. ಪೆಡಲ್ ಮರಕ್ಕೆ ತಾಗಿದಾಗ ಕೆಳಗಿನವರು ನಿಪ್ಪಲ್ ಮುಚ್ಚಿ ‘ಬಿಡಿ’ ಎನ್ನಬೇಕು. ಆಮೇಲೆಯೇ ಕಾಲು ತೆಗೆಯುವುದು. ಮುಚ್ಚುವ ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಪಟಪಟನೆ ಪಂಪ್ ಮಾಡಬೇಡಿ, ಗುಳ್ಳೆಗಳು ನೊರೆಯಾಗಿ ಒಳಗೇ ಉಳಿಯುತ್ತವೆ.

4. ಪ್ರತಿ ಎಂಟು ಹತ್ತು ಒತ್ತಿಗೆ ಡಬ್ಬಿ ನೋಡಿ ತುಂಬಿಸಿ. ಒಮ್ಮೆ ಖಾಲಿಯಾಗಿ ಗಾಳಿ ಎಳೆಯಿತೋ, ಮೊದಲಿಂದ ಶುರು. ಒತ್ತುವಾಗೆಲ್ಲ ಮುಚ್ಚಳ ಹಗುರಾಗಿ ಮೇಲೆ ಇಟ್ಟಿರಲಿ. ದ್ರವ ಚಿಮ್ಮಿ ಹೊರಬೀಳುವುದಿಲ್ಲ, ತೇವವೂ ಒಳಗೆ ಹೋಗುವುದಿಲ್ಲ.

5. ಬಣ್ಣ ತಿಳಿಯಾಗಿ, ಗುಳ್ಳೆ ನಿಂತ ಮೇಲೆ ಇನ್ನೂ ಐದು ಒತ್ತು. ನಿಪ್ಪಲನ್ನು 7ರಿಂದ 10 ನ್ಯೂಟನ್ ಮೀಟರಿನಷ್ಟು, ಅಂದರೆ ಸಣ್ಣ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲಕ್ಕೆ ಬಿಗಿಯಾಗುವಷ್ಟು ಬಿಗಿದು, ರಬ್ಬರ್ ಟೋಪಿ ಹಾಕಿ.

ಮೊದಲ ಹನಿಗಳು ಕೆಂಪುಮಣ್ಣಿನ ನೀರಿನಂತೆ ಬಂದರೆ ಅದು ವೀಲ್ ಸಿಲಿಂಡರ್ ಒಳಗಿನ ತುಕ್ಕು. ಫ್ಲಶ್ ಮುಗಿಸಿ, ಆದರೆ ಆ ಚಕ್ರದ ಡ್ರಮ್ ತೆಗೆದು ಸಿಲಿಂಡರಿನ ಧೂಳುರಬ್ಬರಿನ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ದ್ರವ ನಿಂತಿದ್ದರೆ ಸಿಲಿಂಡರ್ ಬದಲಿಸಿ.

ಎಲ್ಲ ಸರಿಯಿದ್ದೂ ಪೆಡಲ್ ಕೆಳಗೇ ನಿಂತರೆ ಮತ್ತೆ ಮತ್ತೆ ಏರ್ ತೆಗೆಯುತ್ತಾ ಕೂರಬೇಡಿ. ಹಿಂದಿನ ಡ್ರಮ್ಮಿನ ಶೂ ಡ್ರಮ್ಮಿನಿಂದ ದೂರ ಉಳಿದಿರುತ್ತದೆ. ಶೂ ಹೊಂದಿಸಿದರೆ ಪೆಡಲ್ ತಾನಾಗಿ ಮೇಲೇರುತ್ತದೆ.

## ಹಂತ 6: ಎಣ್ಣೆ ಸೇರಿದ್ದರೆ – ರಬ್ಬರ್ ಎಲ್ಲ ಹೊರಗೆ

ಹೈಡ್ರಾಲಿಕ್ ಬ್ರೇಕ್ ಎಂದೂ ಬಿಚ್ಚಿ ಗೊತ್ತಿಲ್ಲದವರು ಈ ಹಂತವನ್ನು ಅನುಭವಿ ಮೆಕ್ಯಾನಿಕ್ ಕೈಗೆ ಕೊಡಿ. ಆದರೆ ಕೆಳಗೆ ಹೇಳಿದ್ದೆಲ್ಲ ಬದಲಾಗಿದೆಯೇ ಎಂದು ನಿಂತು ನೋಡಿ. ‘ಮಾಸ್ಟರ್ ಕಿಟ್ ಮಾತ್ರ ಹಾಕುವಾ, ಉಳಿದದ್ದು ಇರಲಿ’ ಎಂಬ ಮಾತಿಗೆ ಒಪ್ಪಬೇಡಿ. ಹಳೆಯ ಹೋಸು, ಕಪ್ಪುಗಳು ಕುಡಿದ ಎಣ್ಣೆಯನ್ನು ಹೊಸ ದ್ರವಕ್ಕೆ ಬಿಡುತ್ತಲೇ ಇರುತ್ತವೆ, ಹೊಸ ರಬ್ಬರೂ ಕೆಡುತ್ತದೆ. ಮೂರನೆಯ ದಿನ ಚಕ್ರ ಮತ್ತೆ ಹಿಡಿಯುವುದು ಹೀಗೆಯೇ.

ಬದಲಿಸಬೇಕಾದ್ದು: ಮಾಸ್ಟರ್ ಸಿಲಿಂಡರ್, ಡಬ್ಬಿಯ ಡಯಾಫ್ರಂ ಮತ್ತು ಗ್ರಾಮೆಟ್, ಎಲ್ಲ ರಬ್ಬರ್ ಹೋಸ್‌ಗಳು, ಹಿಂದಿನ ಎರಡೂ ವೀಲ್ ಸಿಲಿಂಡರ್, ಮುಂದಿನ ಕ್ಯಾಲಿಪರಿನ ಸೀಲ್ ಕಿಟ್, ಒತ್ತಡ ಹೊಂದಿಸುವ ವಾಲ್ವ್ ಇದ್ದರೆ ಅದು, ಬ್ರೇಕ್ ಲೈಟಿನ ಸ್ವಿಚ್ ಪೈಪಿಗೇ ಜೋಡಿಸಿದ್ದರೆ ಅದೂ, ಹೋಸನ್ನು ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಷರ್‌ಗಳು. ಹಳೆಯ ಸಣ್ಣ ಕಾರುಗಳ ವೀಲ್ ಸಿಲಿಂಡರ್ ದುಬಾರಿಯಲ್ಲ, ಕರಾವಳಿಯ ಕಾರಿನಲ್ಲಿ ಅದರ ಒಳಗೋಡೆ ಗುಂಡಿ ಬಿದ್ದಿರುವುದೇ ಹೆಚ್ಚು. ಕಿಟ್ ಹಾಕುವ ಬದಲು ಪೂರ್ತಿ ಹೊಸತೇ ಹಾಕಿ. ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ. ಮೈಮೇಲೆ ಎರಕದಲ್ಲಿ ಮೂಡಿದ ಒಳವ್ಯಾಸದ ಅಂಕಿ ಹೊಸದರಲ್ಲೂ ಅದೇ ಇರಬೇಕು. ಒಂದೇ ಮಾದರಿಯ ಕಾರಿಗೂ ವರ್ಷಕ್ಕೆ ತಕ್ಕಂತೆ ಅಳತೆ ಬದಲಾಗಿರಬಹುದು.

ಬಿಚ್ಚುವ ಕ್ರಮವೂ ಮುಖ್ಯ. ಕ್ಯಾಲಿಪರಿನ ಪಿಸ್ಟನ್ ಹೊರತೆಗೆಯಲು ಪೆಡಲಿನ ಒತ್ತಡವೇ ಸುಲಭ ಸಾಧನ, ಹಾಗಾಗಿ ಮಾಸ್ಟರ್ ಸಿಲಿಂಡರ್ ಕಳಚುವ ಮೊದಲೇ ಆ ಕೆಲಸ ಮುಗಿಸಿ. ಎದುರಿಗೆ ಮರದ ತುಂಡು ಇಟ್ಟು ಮೆಲ್ಲಗೆ ಪೆಡಲ್ ಒತ್ತಿಸಿ. ಬೆರಳು ಮಧ್ಯೆ ಇರಬಾರದು. ಹೋಸ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹೋಸನ್ನು ಅಲುಗದಂತೆ ಹಿಡಿಯಲು, ಒಂದು ನಟ್ ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಉಕ್ಕಿನ ಪೈಪು ಹಗ್ಗದಂತೆ ಹುರಿಗಟ್ಟಿ ಸೀಳುತ್ತದೆ.

ಉಳಿದದ್ದು ಬರೀ ಉಕ್ಕಿನ ಪೈಪು. ರಬ್ಬರ್ ಯಾವುದೂ ಜೋಡಿಸಿಲ್ಲದಾಗ, ಗಸಿ ಬಿಡದ ಬ್ರೇಕ್ ಕ್ಲೀನರ್ ಸ್ಪ್ರೇಯನ್ನು ಒಂದು ತುದಿಯಿಂದ ಹಾಯಿಸಿ ಇನ್ನೊಂದು ತುದಿಯಲ್ಲಿ ಬಿಳಿ ಬಟ್ಟೆ ಹಿಡಿಯಿರಿ, ಕಲೆ ಬೀಳುವುದು ನಿಲ್ಲಬೇಕು. ಆಮೇಲೆ ಸಿರಿಂಜಿನಿಂದ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್. ಸ್ಯಾನಿಟೈಸರ್ ಅಲ್ಲ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಎರಡೂ ಬೆಂಕಿ ಹಿಡಿಯುವಂಥವು: ಹೊರಗೆ, ಗಾಳಿಯಾಡುವಲ್ಲಿ, ಬೀಡಿ ದೀಪ ಯಾವುದೂ ಇಲ್ಲದಲ್ಲಿ ಮಾಡಿ.

ಒಣಗಿಸಲು ಗಾಳಿ ಊದಬೇಕು. ಇಲ್ಲೊಂದು ಎಚ್ಚರ. ಗ್ಯಾರೇಜಿನ ಕಂಪ್ರೆಸರಿನ ಗಾಳಿಯಲ್ಲಿ ನೀರೂ ಇರುತ್ತದೆ, ಎಣ್ಣೆಯ ಮಂಜೂ ಇರುತ್ತದೆ. ನಮ್ಮ ತೇವದ ಹವೆಗೆ ಟ್ಯಾಂಕಿನ ತಳದ ಕೊಳಾಯಿ ಬಿಟ್ಟರೆ ನೀರು ಸುರಿಯುವುದನ್ನು ನೀವೇ ನೋಡಬಹುದು. ಫಿಲ್ಟರ್ ಇಲ್ಲದ ಕಂಪ್ರೆಸರ್ ಆದರೆ ಬೇಡ, ಸೈಕಲ್ ಪಂಪೇ ಸಾಕು. ಗಾಳಿಯನ್ನು ಬಿಳಿ ಕಾಗದದ ಮೇಲೆ ಒಂದು ನಿಮಿಷ ಬಿಟ್ಟು ನೋಡಿ. ಕಾಗದ ಒಣಗಿದ್ದರೆ, ಕಲೆ ಇಲ್ಲದಿದ್ದರೆ ಪೈಪಿಗೆ ಬಿಡಿ.

ಸಿಲಿಂಡರ್, ಕ್ಯಾಲಿಪರ್, ಪಿಸ್ಟನ್‌ಗಳನ್ನು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ ಇದೆ. ಎಲ್ಲ ಹೊಸದಾಗಿ ಹಾಕಿಯೂ ಬ್ರೇಕ್ ಮತ್ತೆ ಕೆಡಲು ಇದೊಂದೇ ಸಾಕು. ತೊಳೆಯುವುದು ಆಲ್ಕೋಹಾಲಿನಲ್ಲಿ ಅಥವಾ ಹೊಸ ಬ್ರೇಕ್ ದ್ರವದಲ್ಲಿ ಮಾತ್ರ. ರಬ್ಬರ್ ಜೋಡಿಸುವಾಗ ಹೊಸ ದ್ರವದಲ್ಲಿ ಅದ್ದಿ ಕೂರಿಸಿ. ಸಾಮಾನ್ಯ ಗ್ರೀಸ್ ಹಚ್ಚಬೇಡಿ. ಕೈಗವಸಿನಲ್ಲಿ ಎಂಜಿನ್ ಆಯಿಲ್ ಅಂಟಿದ್ದರೆ ಬದಲಿಸಿ. ಕ್ಯಾಲಿಪರ್ ಕೂರಿಸುವಾಗ ನಿಪ್ಪಲ್ ಮೇಲ್ಗಡೆ ಇದೆಯೇ ನೋಡಿ; ಎಡದ್ದು ಬಲಕ್ಕೆ ಹೋದರೆ ನಿಪ್ಪಲ್ ಕೆಳಗಾಗಿ ಗಾಳಿ ಎಂದಿಗೂ ಹೊರಬರುವುದಿಲ್ಲ.

ಹೊಸ ಮಾಸ್ಟರ್ ಸಿಲಿಂಡರಿನ ಗಾಳಿಯನ್ನು ಕಾರಿಗೆ ಕೂರಿಸುವ ಮೊದಲೇ ತೆಗೆಯಬೇಕು. ವೈಸ್‌ನಲ್ಲಿ ಅಡ್ಡಲಾಗಿ ಹಿಡಿದು, ದ್ರವ ತುಂಬಿಸಿ, ಹೊರದಾರಿಗಳಿಂದ ಸಣ್ಣ ಟ್ಯೂಬುಗಳನ್ನು ಮತ್ತೆ ಡಬ್ಬಿಗೇ ತಂದು, ಮೊಂಡು ಕೋಲಿನಿಂದ ಪಿಸ್ಟನನ್ನು ನಿಧಾನಕ್ಕೆ ಒತ್ತಿ ಬಿಡಿ. ಇಪ್ಪತ್ತರೊಳಗೆ ಗುಳ್ಳೆ ನಿಲ್ಲುತ್ತದೆ. ಕಾರಿಗೆ ಜೋಡಿಸಿದ ಮೇಲೆ ಪೆಡಲಿನ ಬಲ ಹೆಚ್ಚಿಸುವ ಬೂಸ್ಟರಿನ ಪುಶ್‌ರಾಡ್‌ಗೂ (ತಳ್ಳುವ ಕಡ್ಡಿಗೂ) ಪಿಸ್ಟನ್‌ಗೂ ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇದೆಯೇ ಪರೀಕ್ಷಿಸಿ. ಸಡಿಲವೇ ಇಲ್ಲದಿದ್ದರೆ ಹೊಸ ಕಪ್ಪೂ ಆ ಸಣ್ಣ ರಂಧ್ರವನ್ನು ಮುಚ್ಚಿ, ಎಣ್ಣೆ ಸೇರಿದಾಗಿನ ಲಕ್ಷಣವನ್ನೇ ತೋರಿಸುತ್ತದೆ. ಆಮೇಲೆ ಹಂತ 5ರಂತೆ ಇಡೀ ಫ್ಲಶ್. ಶೂ, ಪ್ಯಾಡುಗಳಿಗೆ ದ್ರವವೋ ಎಣ್ಣೆಯೋ ತಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಉಳಿಸಲು ನೋಡಬೇಡಿ, ಎರಡೂ ಬದಿಯದ್ದನ್ನು ಜೋಡಿಯಾಗಿ ಬದಲಿಸಿ.

## ಹಂತ 7: ರಸ್ತೆಗಿಳಿಯುವ ಮೊದಲು

ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಬಲವಾಗಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಒಳಗೇ ಬಿಡುತ್ತಿದೆ. ಹಿಡಿದಂತೆಯೇ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ತಗ್ಗಬೇಕು, ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಇನ್ನೊಬ್ಬರು ಅಷ್ಟರಲ್ಲಿ ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಮುಟ್ಟಿ ನೋಡಲಿ. ಪೆಡಲ್ ಬಿಟ್ಟ ಕೂಡಲೇ ನಾಲ್ಕೂ ಚಕ್ರ ಕೈಯಲ್ಲಿ ತಿರುಗಬೇಕು.

ಖಾಲಿ ಮೈದಾನದಲ್ಲಿ 10, ಆಮೇಲೆ 20 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಿ ನೋಡಿ. ನಂತರ ಸಮತಟ್ಟು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬಂದು, ನಾಲ್ಕೂ ಚಕ್ರಗಳ ಬಳಿ ಅಂಗೈ ಒಡ್ಡಿ ಬಿಸಿ ಹೋಲಿಸಿ; ಮುಟ್ಟಬೇಡಿ. ಮುಂದಿನ ಜೋಡಿ ಹಿಂದಿನದ್ದಕ್ಕಿಂತ ಬಿಸಿ ಇರುವುದು ಸಹಜ. ಎಡಬಲದಲ್ಲಿ ವ್ಯತ್ಯಾಸ ಇದ್ದರೆ ಹೆಚ್ಚು ಬಿಸಿಯ ಚಕ್ರ ಹಿಡಿಯುತ್ತಿದೆ. ಡಬ್ಬಿಯ ಮಟ್ಟ ಮೊದಲ ವಾರ ದಿನಾ ನೋಡಿ. ಎಣ್ಣೆ ಸೇರಿದ್ದ ಕಾರಿನಲ್ಲಿ ಎರಡು ವಾರ ಬಿಟ್ಟು ಲೋಟದ ಪರೀಕ್ಷೆಯನ್ನು ಮತ್ತೆ ಮಾಡಿ, ಡಯಾಫ್ರಂ ತೆಗೆದು ಚಪ್ಪಟೆಯಾಗಿಯೇ ಇದೆಯೇ ನೋಡಿ. ಅಲ್ಲಿಯವರೆಗೆ ಘಾಟಿ ಬೇಡ.

ಆಮೇಲೂ ಘಾಟಿ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಡಲ್ ಮೆತ್ತಗಾಯಿತೆಂದು ಅನ್ನಿಸಿದರೆ ಪಂಪ್ ಮಾಡುತ್ತಾ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ಬದಿಗೆ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

## ತೆಗೆದ ದ್ರವವನ್ನು ಏನು ಮಾಡುವುದು

ತೋಟದ ಬದಿಗೆ ಚೆಲ್ಲಬೇಡಿ. ಮುರಕಲ್ಲಿನ ನೆಲ ನೀರನ್ನು ಬೇಗ ಕೆಳಕ್ಕೆ ಬಿಡುತ್ತದೆ, ಕೆಳಗೆ ನಿಮ್ಮದೋ ಪಕ್ಕದ ಮನೆಯದ್ದೋ ಬಾವಿ ಇರುತ್ತದೆ. ದ್ರವ ವಿಷ. ಖಾಲಿ ನೀರಿನ ಬಾಟಲಿಯಲ್ಲಿ ತುಂಬಿಸಿಟ್ಟರೆ ಮಕ್ಕಳು ಶರಬತ್ತೆಂದು ತಿಳಿದಾರು. ಅದು ಬಂದ ತಗಡಿನ ಡಬ್ಬಕ್ಕೇ ವಾಪಸ್ ಸುರಿದು, ಬಿಗಿಯಾಗಿ ಮುಚ್ಚಿ, ಮೇಲೆ ‘ಹಳೆಯ ಬ್ರೇಕ್ ಆಯಿಲ್, ವಿಷ’ ಎಂದು ದೊಡ್ಡದಾಗಿ ಬರೆದು ಎತ್ತರದಲ್ಲಿಡಿ. ಬಳಸಿದ ಎಣ್ಣೆಯನ್ನು ಮರುಬಳಕೆಯವರಿಗೆ ಕೊಡುವ ಗ್ಯಾರೇಜಿಗೆ ಒಯ್ದು ಕೊಡುವಾಗ, ಅದು ಬ್ರೇಕ್ ದ್ರವ, ಎಂಜಿನ್ ಆಯಿಲಿನ ಡ್ರಮ್ಮಿಗೆ ಸುರಿಯಬಾರದು ಎಂದು ಹೇಳಿಯೇ ಕೊಡಿ. ಸಿರಿಂಜ್, ಟ್ಯೂಬುಗಳನ್ನು ಬ್ರೇಕಿನ ಕೆಲಸಕ್ಕೆಂದೇ ಬೇರೆ ಚೀಲದಲ್ಲಿ ಕಟ್ಟಿಡಿ. ಎಣ್ಣೆ ಹೀರಿದ ಸಿರಿಂಜನ್ನು ಮಾತ್ರ ಇಟ್ಟುಕೊಳ್ಳದೆ ಎಸೆಯಿರಿ.